ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್

ಕಾಲೇಜ್ ಫೆಸ್ಟ್‌ನ ಬ್ಯಾಂಡ್ ಸಂಜೆಗಳನ್ನು ನೋಡಿದವರಿಗೆ ಈ ದೃಶ್ಯ ಹೊಸದೇನಲ್ಲ. ಹಾಡು ಚೆನ್ನಾಗೇ ಶುರುವಾಗಿರುತ್ತೆ. ಸೋಲೋ ಬರುತ್ತೆ. ಗಿಟಾರ್ ಹಿಡಿದವನು ಹುಮ್ಮಸ್ಸಿನಲ್ಲಿ ಬ್ರಿಡ್ಜ್ ಪಕ್ಕದಲ್ಲಿರೋ ಉದ್ದನೆಯ ಲೋಹದ ಕಡ್ಡಿಯನ್ನು ಒತ್ತುತ್ತಾನೆ. ಸ್ವರ ಜಾರಿ ಪಾತಾಳಕ್ಕೆ ಇಳಿಯುತ್ತೆ, ಮುಂದಿನ ಸಾಲಿನವರು ಕೂಗ್ತಾರೆ, ಶಿಳ್ಳೆ ಹೊಡೀತಾರೆ. ಕಡ್ಡಿ ಬಿಟ್ಟು ಮುಂದಿನ ಕಾರ್ಡ್ ಬಾರಿಸಿದಾಗ ಏನೋ ಎಡವಟ್ಟು. ಶ್ರುತಿ ಹೋಗಿರುತ್ತೆ. ಹಾಡುವವಳು ಒಮ್ಮೆ ತಿರುಗಿ ನೋಡ್ತಾಳೆ, ಇವನು ಪೆಚ್ಚುಮೋರೆ ಹಾಕಿ ಬಿರಡೆ ತಿರುವುತ್ತಾನೆ, ಒಂದು ತಂತಿ ಸರಿ ಮಾಡಿದರೆ ಉಳಿದ ಐದೂ ಕೆಡ್ತವೆ. ಅಷ್ಟರಲ್ಲಿ ಹಾಡೇ ಮುಗಿದಿರುತ್ತೆ.

ಆ ಕಡ್ಡಿಗೆ ಟ್ರೆಮೊಲೊ ಆರ್ಮ್ ಅಂತ ಹೆಸರು. ಅದನ್ನು ಇವತ್ತಿನ ರೂಪಕ್ಕೆ ತಂದ ಮನುಷ್ಯ ತನ್ನ ಬದುಕಿನ ಬಹುಪಾಲನ್ನು ಇದೇ ಒಂದು ಪ್ರಶ್ನೆಯ ಜೊತೆ ಕಳೆದರು. ತಂತಿಯನ್ನು ಸಡಿಲ ಬಿಟ್ಟು, ಮತ್ತೆ ಅದೇ ಜಾಗಕ್ಕೆ, ಅದೇ ಎಳೆತಕ್ಕೆ ವಾಪಸ್ ತರೋದು ಹೇಗೆ? ಕೇಳೋಕೆ ಸಣ್ಣ ಪ್ರಶ್ನೆ. ಅವರು ಎಂಜಿನಿಯರಿಂಗ್ ಓದಿದವರಲ್ಲ, ಅಕೌಂಟೆನ್ಸಿ ಓದಿದವರು. ಗಿಟಾರ್ ಅಂತೂ ಕೊನೆವರೆಗೂ ನುಡಿಸಲು ಕಲಿಯಲೇ ಇಲ್ಲ. ಅವರ ಹೆಸರು ಲಿಯೋ ಫೆಂಡರ್.

ಕಿತ್ತಳೆ ತೋಟದ ಹುಡುಗ

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ ಅಮ್ಮನಿಗೆ ಅನಹೈಮ್ ಮತ್ತು ಫುಲ್ಲರ್ಟನ್ ಊರುಗಳ ಬಳಿ ಕಿತ್ತಳೆ ತೋಟ ಇತ್ತು. ಎಂಟನೇ ವಯಸ್ಸಿನಲ್ಲಿ ಗೆಡ್ಡೆಯೊಂದರ ಕಾರಣಕ್ಕೆ ಹುಡುಗನ ಎಡಗಣ್ಣು ಹೋಯಿತು. ಆ ಜಾಗಕ್ಕೆ ಗಾಜಿನ ಕಣ್ಣು ಬಂತು. ಮುಂದೆ ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯಕ್ಕೆ ಹೋಗದೆ ಊರಲ್ಲೇ ಉಳಿದಿದ್ದಕ್ಕೂ ಇದೇ ಕಾರಣ.

ಮನೆಯಲ್ಲಿ ಪಿಯಾನೋ ಪಾಠಕ್ಕೆ ಹಾಕಿದರು. ಆಮೇಲೆ ಸ್ಯಾಕ್ಸೋಫೋನ್ ಹಿಡಿದ. ಎರಡೂ ಕೈ ಹತ್ತಲಿಲ್ಲ. ಮನಸ್ಸು ಹೋಗಿದ್ದು ಬೇರೆ ಕಡೆ. ಅವನ ಚಿಕ್ಕಪ್ಪನ ವರಸೆಯ ಜಾನ್ ವೆಸ್ಟ್ ಎಂಬುವರು ಸಾಂತಾ ಮರಿಯಾ ಊರಲ್ಲಿ ವಾಹನಗಳ ಎಲೆಕ್ಟ್ರಿಕ್ ರಿಪೇರಿ ಅಂಗಡಿ ಇಟ್ಟಿದ್ದರು. 1922ರಲ್ಲಿ ಹುಡುಗ ಅಲ್ಲಿಗೆ ಹೋದಾಗ ಅಂಗಡಿ ಮುಂದೆ ಅವರೇ ಕಟ್ಟಿದ ರೇಡಿಯೋ ಸ್ಪೀಕರ್‌ನಿಂದ ಜೋರಾಗಿ ಸಂಗೀತ ಬರ್ತಾ ಇತ್ತು. ಆ ಜೋರು ಸದ್ದು ತಲೆಯೊಳಗೆ ಕೂತುಬಿಡ್ತು. ವಾಪಸ್ ಬಂದವನೇ ರೇಡಿಯೋ ಬಿಚ್ಚೋದು, ಜೋಡಿಸೋದು ಶುರು ಮಾಡಿದ. ಹೈಸ್ಕೂಲು ಮುಗಿಸುವಷ್ಟರಲ್ಲಿ ಮನೆಯಲ್ಲೇ ರಿಪೇರಿ ಕೆಲಸ ನಡೀತಿತ್ತು.

1928ರಲ್ಲಿ ಹೈಸ್ಕೂಲು ಮುಗಿಯಿತು. ಫುಲ್ಲರ್ಟನ್ ಜೂನಿಯರ್ ಕಾಲೇಜಿನಲ್ಲಿ ತಗೊಂಡ ವಿಷಯ ಅಕೌಂಟೆನ್ಸಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಒಂದೇ ಒಂದು ಕೋರ್ಸ್ ಕೂಡ ಮಾಡಲಿಲ್ಲ. ಐಸ್ ಕಂಪನಿಯೊಂದರಲ್ಲಿ ಮೊದಲು ಮಾಲು ತಲುಪಿಸುವ ಕೆಲಸ, ಆಮೇಲೆ ಲೆಕ್ಕ ಬರೆಯುವ ಕೆಲಸ. ಬಿಡುವಿನಲ್ಲಿ ನೃತ್ಯಕೂಟಗಳಿಗೆ ಮೈಕು, ಸ್ಪೀಕರ್ ಕಟ್ಟಿಕೊಡ್ತಿದ್ದರು. 1934ರಲ್ಲಿ ಎಸ್ತರ್ ಅವರನ್ನು ಮದುವೆಯಾದರು. ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನ ಕೆಲಸ ಸಿಕ್ಕಿತು. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತದ ಕಾಲ. ಆ ಕೆಲಸ ಹೋಯಿತು. ಟೈರ್ ಕಂಪನಿಯೊಂದರಲ್ಲಿ ಸಿಕ್ಕ ಮುಂದಿನ ಕೆಲಸವೂ ಆರು ತಿಂಗಳಿಗೆ ಹೋಯಿತು.

ಎರಡು ಸಲ ಕೆಲಸ ಕಳ್ಕೊಂಡ ಲೆಕ್ಕಿಗ 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್‌ಗೆ ವಾಪಸ್ ಬಂದು ಫೆಂಡರ್ ರೇಡಿಯೋ ಸರ್ವಿಸ್ ಅಂತ ಬೋರ್ಡು ಹಾಕಿದರು. ನಮ್ಮೂರಿನ ಹಳೇ ರೇಡಿಯೋ ರಿಪೇರಿ ಅಂಗಡಿಗಳನ್ನು ನೆನೆಸಿಕೊಳ್ಳಿ, ಹೆಚ್ಚೂಕಡಿಮೆ ಅದೇ. ರೇಡಿಯೋ, ಗ್ರಾಮಫೋನು, ಆಂಪ್ಲಿಫೈಯರ್, ಜೊತೆಗೆ ಆಗ ತಾನೇ ಬಂದಿದ್ದ ಎಲೆಕ್ಟ್ರಿಕ್ ಗಿಟಾರ್‌ಗಳು. ಸಂಜೆ ಕಾರ್ಯಕ್ರಮ ಇರೋ ಸಂಗೀತಗಾರರು ಮಧ್ಯಾಹ್ನ ಕೆಟ್ಟುಹೋದ ಸಾಮಾನು ಹೊತ್ತು ತರ್ತಿದ್ದರು. ಯಾವುದು, ಎಲ್ಲಿ, ಯಾಕೆ ಕೆಡುತ್ತೆ ಅನ್ನೋ ಪಾಠವನ್ನು ಲಿಯೋ ಕಲಿತಿದ್ದು ಆ ಮೇಜಿನ ಮೇಲೆ.

ಶ್ರುತಿ ಕೆಡಿಸುವ ಯಂತ್ರ

ಯುದ್ಧದ ಕಾಲದಲ್ಲಿ ಅಂಗಡಿಗೆ ಬಂದು ಗೆಳೆಯರಾದವರು ಡಾಕ್ ಕಾಫ್‌ಮನ್. ಇವರು ರಿಕನ್‌ಬ್ಯಾಕರ್ ಕಂಪನಿಗೆ ಕೆಲಸ ಮಾಡಿದ್ದವರು, ಸ್ವತಃ ಆವಿಷ್ಕಾರಕ. 1930ರ ಹೊತ್ತಿಗೇ ಇವರು ವೈಬ್ರೋಲಾ ಅನ್ನೋ ಸಾಧನ ಮಾಡಿದ್ದರು. ತಂತಿಗಳ ಬಾಲದ ತುದಿಯನ್ನು ಒಂದು ಸನ್ನೆಯಿಂದ ಅಲುಗಾಡಿಸಿದರೆ ಸ್ವರ ಅಲೆಅಲೆಯಾಗಿ ಏರಿಳಿಯುತ್ತಿತ್ತು. ಆ ಕಾಲದಲ್ಲಿ ಹವಾಯಿಯನ್ ಸ್ಟೀಲ್ ಗಿಟಾರಿನ ಜಾರುವ ಸ್ವರಕ್ಕೆ ಜನ ಮರುಳಾಗಿದ್ದರು. ನಮ್ಮ ಕಡೆ ವೀಣೆಯಲ್ಲಿ ತಂತಿ ಎಳೆದು ಗಮಕ ತರ್ತಾರಲ್ಲ, ಹಾಗೆ ಸ್ವರವನ್ನು ಬಳುಕಿಸೋ ಆಸೆ ಸಾಮಾನ್ಯ ಗಿಟಾರ್ ಹಿಡಿದವರಿಗೂ ಇತ್ತು. ವೈಬ್ರೋಲಾ ಅದಕ್ಕೆ ಒಂದು ಉತ್ತರ. ತೊಂದರೆ ಏನಂದ್ರೆ, ಅಲುಗಾಡಿಸಿ ಬಿಟ್ಟ ಮೇಲೆ ತಂತಿ ಹಳೇ ಶ್ರುತಿಗೆ ಬರ್ತಿರಲಿಲ್ಲ.

ಮರ್ಲ್ ಟ್ರಾವಿಸ್ ಅನ್ನೋ ಹೆಸರಾಂತ ಗಿಟಾರ್ ವಾದಕ ಇದರಿಂದ ಬೇಸತ್ತು, ತನ್ನ ವೈಬ್ರೋಲಾವನ್ನು ಸರಿ ಮಾಡಿಕೊಡು ಅಂತ ಪಾಲ್ ಬಿಗ್ಸ್‌ಬಿ ಎಂಬ ಮೆಕ್ಯಾನಿಕ್ ಹತ್ತಿರ ಹೋದ. ಬಿಗ್ಸ್‌ಬಿ ಮೋಟಾರ್‌ಸೈಕಲ್ ಹುಚ್ಚಿನ ಮನುಷ್ಯ. ಹಳೆಯದನ್ನು ರಿಪೇರಿ ಮಾಡೋ ಬದಲು ಒಂದು ಉರುಳೆ, ಒಂದು ಗಟ್ಟಿ ಸ್ಪ್ರಿಂಗ್ ಇರೋ ಹೊಸ ಸಾಧನವನ್ನೇ ಮಾಡಿಕೊಟ್ಟ. ಅದು ಎಷ್ಟೋ ವಾಸಿ. ಆದರೆ ಅದರಲ್ಲೂ ತಂತಿಗಳು ಬಾಲದ ತುದಿಯಲ್ಲಿ ಚಲಿಸಿದಾಗ ಬ್ರಿಡ್ಜ್ ಮೇಲೆ ಉಜ್ಜಿಕೊಳ್ಳುವ ಸಮಸ್ಯೆ ಪೂರ್ತಿ ಹೋಗಿರಲಿಲ್ಲ. ಏರಿಳಿತವೂ ಸ್ವಲ್ಪವೇ.

ಡಾಕ್ ಮತ್ತು ಲಿಯೋ ಸೇರಿ ಕೆ ಅಂಡ್ ಎಫ್ ಅನ್ನೋ ಕಂಪನಿ ಕಟ್ಟಿ ಸ್ಟೀಲ್ ಗಿಟಾರ್, ಆಂಪ್ಲಿಫೈಯರ್ ಮಾಡತೊಡಗಿದರು. 1946ರಲ್ಲಿ ಡಾಕ್ ಹೊರಗೆ ಬಂದರು, ಸಾಲದ ಅಪಾಯ ಅವರಿಗೆ ಒಗ್ಗಲಿಲ್ಲ. ಸ್ನೇಹ ಮಾತ್ರ ಉಳಿಯಿತು. ಲಿಯೋ ಒಬ್ಬರೇ ಫೆಂಡರ್ ಕಂಪನಿ ಮುಂದುವರಿಸಿದರು. 1948ರಲ್ಲಿ ಜಾರ್ಜ್ ಫುಲ್ಲರ್ಟನ್ ಜೊತೆಯಾದರು. ಊರಿನ ಹೆಸರೂ ಇವರ ಹೆಸರೂ ಒಂದೇ ಆಗಿದ್ದು ಕಾಕತಾಳೀಯ. 1950ರಲ್ಲಿ ಘನ ಮರದ ಹಲಗೆಯಿಂದ ಮಾಡಿದ ಗಿಟಾರ್ ಬಂತು. ಹೆಸರಿನ ತಕರಾರು ಮುಗಿದ ಮೇಲೆ ಅದೇ ಟೆಲಿಕ್ಯಾಸ್ಟರ್ ಆಯ್ತು. 1951ರಲ್ಲಿ ಪ್ರಿಸಿಶನ್ ಬೇಸ್. ಎರಡೂ ಗೆದ್ದವು. ಬೋಲ್ಟ್ ಹಾಕಿ ಕೂಡಿಸಿದ ಕುತ್ತಿಗೆ, ಬಿಚ್ಚಿ ಬದಲಿಸಬಹುದಾದ ಭಾಗಗಳು. ರಿಪೇರಿ ಮೇಜಿನಿಂದ ಎದ್ದುಬಂದ ಯೋಚನೆ ಅದರಲ್ಲಿ ಎದ್ದು ಕಾಣುತ್ತೆ.

ಗುಜರಿಗೆ ಹೋದ ಮೊದಲ ಪ್ರಯತ್ನ

ಲಿಯೋಗೆ ಗಿಟಾರ್ ಬಾರದೇ ಇದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯ್ತು. ತನಗೆ ಗೊತ್ತಿದೆ ಅಂತ ಅಂದುಕೊಳ್ಳೋಕೆ ಅವಕಾಶವೇ ಇರಲಿಲ್ಲ. ಕಾರ್ಖಾನೆಗೆ ಬರೋ ವಾದಕರ ಕೈಗೆ ಮಾದರಿ ಕೊಟ್ಟು, ಅವರು ಬೈದಿದ್ದನ್ನೆಲ್ಲ ಗಮನಿಸಿ, ಮತ್ತೆ ಮೇಜಿಗೆ ಹೋಗ್ತಿದ್ದರು. ಬಿಲ್ ಕಾರ್ಸನ್ ಎಂಬ ವಾದಕರ ದೂರಿನ ಪಟ್ಟಿ ಉದ್ದವಾಗಿತ್ತು. ಟೆಲಿಕ್ಯಾಸ್ಟರಿನ ಚೂಪು ಅಂಚು ಪಕ್ಕೆಲುಬಿಗೆ ಒತ್ತುತ್ತೆ. ಬ್ರಿಡ್ಜ್‌ನಲ್ಲಿ ಆರು ತಂತಿಗೂ ಬೇರೆಬೇರೆ ಹೊಂದಾಣಿಕೆ ಬೇಕು. ಸ್ವರವನ್ನು ಮೇಲಕ್ಕೂ ಕೆಳಕ್ಕೂ ಬಳುಕಿಸೋ ಸಾಧನ ಬೇಕು, ಬಿಟ್ಟರೆ ಅದು ಶ್ರುತಿಗೆ ವಾಪಸ್ ಬರಬೇಕು.

1953ರಲ್ಲಿ ಕೆಲಸ ಶುರುವಾಯ್ತು. ಅದೇ ವರ್ಷ ಫ್ರೆಡಿ ಟವಾರೆಸ್ ಎಂಬ ಹವಾಯಿ ಮೂಲದ ಸಂಗೀತಗಾರರು ಕಂಪನಿ ಸೇರಿದರು, ಹೊಸ ಗಿಟಾರಿನ ನಕ್ಷೆ ಬರೆಯೋಕೆ ಕೂತರು. ಟ್ರೆಮೊಲೊ ಸಾಧನದ ಮೊದಲ ರೂಪದಲ್ಲಿ ತಂತಿಗಳು ಸಣ್ಣ ಉರುಳೆಗಳ ಮೇಲೆ ಹಾದು ಹಿಂದೆ ಬೇರೊಂದು ತುಂಡಿಗೆ ಸೇರ್ತಿದ್ದವು. ಉರುಳೆ ಇದ್ದರೆ ಘರ್ಷಣೆ ಕಡಿಮೆ, ಘರ್ಷಣೆ ಕಡಿಮೆಯಾದ್ರೆ ಶ್ರುತಿ ಉಳಿಯುತ್ತೆ. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇತ್ತು. ಅಚ್ಚು, ಉಪಕರಣ ಎಲ್ಲ ತಯಾರಾದವು, ಸಾವಿರಾರು ಡಾಲರ್ ಖರ್ಚಾಯ್ತು. ಮೊದಲ ಗಿಟಾರ್‌ಗಳನ್ನು ನುಡಿಸಿ ನೋಡಿದರೆ ನಾದವೇ ಇಲ್ಲ! ಸ್ವರ ತಗಡಿನ ಹಾಗೆ ಟಿಣ್ ಅಂತ ಹುಟ್ಟಿ ತಕ್ಷಣ ಸತ್ತುಹೋಗ್ತಿತ್ತು. ಉರುಳೆಗಳು ತಂತಿಯ ಕಂಪನವನ್ನು ನುಂಗಿ ಹಾಕ್ತಿದ್ದವು, ಹಿಂದೆ ಹಿಡಿದುಕೊಳ್ಳೋಕೆ ತೂಕದ ಲೋಹವೂ ಇರಲಿಲ್ಲ.

ಇಲ್ಲಿ ಒಂದು ನಿಮಿಷ ನಿಂತು ಯೋಚಿಸಿ. ಮಾಡಿಸಿದ ಅಚ್ಚುಗಳು ಎದುರಿಗಿವೆ. ಡೀಲರ್‌ಗಳು ಹೊಸ ಮಾಡೆಲ್ ಕೇಳ್ತಿದ್ದಾರೆ. ಪ್ರತಿಸ್ಪರ್ಧಿ ಕಂಪನಿಗಳು ಬಣ್ಣಬಣ್ಣದ ಗಿಟಾರ್ ತರ್ತಿವೆ. ಸ್ವಲ್ಪ ಅಡ್ಜಸ್ಟ್ ಮಾಡಿ ಮಾರುಕಟ್ಟೆಗೆ ಬಿಟ್ಟು, ಮುಂದಿನ ವರ್ಷ ಸರಿ ಮಾಡೋಣ ಅನ್ನೋದು ಸುಲಭದ ದಾರಿ. ಸಾಲ ಮಾಡಿ ಅಂಗಡಿ ತೆರೆದ, ಎರಡು ಸಲ ಕೆಲಸ ಕಳ್ಕೊಂಡ ಲೆಕ್ಕಿಗನಿಗೆ ಆ ದುಡ್ಡಿನ ಬೆಲೆ ಏನು ಅಂತ ಬೇರೆಯವರು ಹೇಳಬೇಕಿರಲಿಲ್ಲ. ಆದರೂ ಲಿಯೋ ಅಷ್ಟನ್ನೂ ಗುಜರಿಗೆ ಹಾಕಿ ಮೊದಲಿನಿಂದ ಶುರು ಮಾಡಿದರು. ಆಗ ಹುಟ್ಟಿದ್ದು ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಗಿಟಾರ್ ಬ್ರಿಡ್ಜ್‌ಗಳಲ್ಲಿ ಒಂದು.

ತಕ್ಕಡಿಯ ತತ್ವ

ಹೊಸ ವಿನ್ಯಾಸದಲ್ಲಿ ಬ್ರಿಡ್ಜ್ ಬೇರೆ, ತಂತಿ ಕಟ್ಟೋ ತುಂಡು ಬೇರೆ ಅನ್ನೋದೇ ಇಲ್ಲ. ಎರಡೂ ಒಂದೇ. ಒಂದು ಲೋಹದ ತಟ್ಟೆ, ಅದರ ಮೇಲೆ ಆರು ಸ್ಯಾಡಲ್, ತಟ್ಟೆಯ ಕೆಳಗೆ ಗಿಟಾರಿನ ಹೊಟ್ಟೆಯೊಳಗೆ ಇಳಿಯೋ ದಪ್ಪ ಉಕ್ಕಿನ ದಿಮ್ಮಿ. ತಂತಿಗಳು ಆ ದಿಮ್ಮಿಯೊಳಗಿಂದಲೇ ಮೇಲೆ ಬರ್ತವೆ. ಕಡ್ಡಿ ಒತ್ತಿದಾಗ ಸ್ಯಾಡಲ್, ತಟ್ಟೆ, ದಿಮ್ಮಿ ಎಲ್ಲ ಒಟ್ಟಿಗೆ ತಿರುಗ್ತವೆ. ಹಾಗಾಗಿ ತಂತಿ ಸ್ಯಾಡಲ್ ಮೇಲೆ ಉಜ್ಜೋದು ಹೆಚ್ಚುಕಡಿಮೆ ನಿಂತೇಹೋಯ್ತು. ಇದಕ್ಕೇ ಸಿಂಕ್ರೊನೈಸ್ಡ್ ಟ್ರೆಮೊಲೊ ಅಂತ ಹೆಸರಿಟ್ಟರು. ದಿಮ್ಮಿಯ ತೂಕದಿಂದ, ಕಳೆದುಹೋಗಿದ್ದ ನಾದವೂ ವಾಪಸ್ ಬಂತು.

ತಟ್ಟೆಯ ಮುಂದಿನ ಅಂಚು ಆರು ಸ್ಕ್ರೂಗಳಿಗೆ ಒತ್ತಿಕೊಂಡು ನಿಂತಿರುತ್ತೆ. ಕೆಮಿಸ್ಟ್ರಿ ಲ್ಯಾಬಿನ ಹಳೇ ತಕ್ಕಡಿಯಲ್ಲಿ ಚಾಕುವಿನ ಅಂಚಿನ ಮೇಲೆ ದಂಡ ತೂಗ್ತಿತ್ತಲ್ಲ, ಅದೇ ತತ್ವ. ಆಧಾರ ತೆಳ್ಳಗಿದ್ದಷ್ಟೂ ಘರ್ಷಣೆ ಕಡಿಮೆ. ತಂತಿಗಳು ತಟ್ಟೆಯನ್ನು ಮುಂದಕ್ಕೆ ಬಾಗಿಸಲು ಎಳೀತವೆ. ಗಿಟಾರಿನ ಬೆನ್ನಲ್ಲಿರೋ ಗುಳಿಯೊಳಗೆ ದಿಮ್ಮಿಗೆ ಸಿಕ್ಕಿಸಿದ ಸ್ಪ್ರಿಂಗ್‌ಗಳು, ಐದರವರೆಗೆ ಹಾಕಬಹುದು, ಹಿಂದಕ್ಕೆ ಎಳೀತವೆ. ಎರಡು ಟಾರ್ಕ್‌ಗಳು ಸಮವಾದ ಕಡೆ ತಟ್ಟೆ ನಿಲ್ಲುತ್ತೆ. ಈಗ ಸಾಮಾನ್ಯವಾಗಿ ಹಾಕೋ ಹತ್ತರ ಸೆಟ್ ತಂತಿಗಳಲ್ಲಿ ಆರೂ ಸೇರಿ ಎಳೆಯೋ ಬಲ ಸುಮಾರು 47 ಕೆಜಿ ತೂಕಕ್ಕೆ ಸಮ. ಅಷ್ಟು ಬಲ ತಕ್ಕಡಿಯ ಒಂದು ಕಡೆ ಕೂತಿದೆ.

ಈಗ ಫೆಸ್ಟ್‌ನ ಆ ಗಿಟಾರಿಸ್ಟ್‌ಗೆ ಆದದ್ದೇನು ಅಂತ ಅರ್ಥವಾಗುತ್ತೆ. ಒಂದು ತಂತಿಯನ್ನು ಬಿಗಿ ಮಾಡಿದರೆ ತಕ್ಕಡಿ ಆ ಕಡೆಗೆ ಸ್ವಲ್ಪ ವಾಲುತ್ತೆ, ಉಳಿದ ಐದೂ ಸಡಿಲವಾಗಿ ಸ್ವರ ಇಳಿಯುತ್ತೆ. ಒಂದು ತಂತಿ ಹರಿದರೆ ಸ್ಪ್ರಿಂಗ್ ಗೆದ್ದು ತಟ್ಟೆಯನ್ನು ಹಿಂದಕ್ಕೆ ಎಳೆಯುತ್ತೆ, ಉಳಿದವೆಲ್ಲ ಏರ್ತವೆ. ತಂತಿಯ ಫ್ರೀಕ್ವೆನ್ಸಿ ಅದರ ಎಳೆತದ ವರ್ಗಮೂಲಕ್ಕೆ ಅನುಗುಣ ಅನ್ನೋದನ್ನು ಪಿಯುಸಿಯಲ್ಲೇ ಓದಿದ್ದೀವಿ. ಎಳೆತ ಶೇಕಡಾ 2ರಷ್ಟು ತಪ್ಪಿದರೆ ಫ್ರೀಕ್ವೆನ್ಸಿ ಶೇಕಡಾ 1ರಷ್ಟು ತಪ್ಪುತ್ತೆ. ಸಂಗೀತದ ಲೆಕ್ಕದಲ್ಲಿ ಅದು ಸುಮಾರು 17 ಸೆಂಟ್, ಅಂದ್ರೆ ಒಂದು ಅರ್ಧ ಸ್ವರದ ಆರನೇ ಒಂದು ಭಾಗ. ಕಿವಿ ಇರೋ ಯಾರಿಗಾದರೂ ಅದು ಕೇಳುತ್ತೆ.

ಲಿಯೋ ಬ್ರಿಡ್ಜ್ ಒಂದನ್ನೇ ನೋಡಲಿಲ್ಲ, ತಂತಿಯ ಪೂರ್ತಿ ದಾರಿಯನ್ನು ನೋಡಿದರು. ಆರು ಬಿರಡೆಗಳೂ ಒಂದೇ ಸಾಲಿನಲ್ಲಿ, ತಂತಿ ನಟ್‌ನಿಂದ ಬಿರಡೆಗೆ ನೇರವಾಗಿ ಹೋಗೋ ಹಾಗೆ. ಅಡ್ಡಕ್ಕೆ ತಿರುಗಿದರೆ ನಟ್‌ನ ಗೋಡೆಗೆ ತಂತಿ ಒತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತೆ. ಬಿರಡೆಯ ಕಂಬದ ತಲೆಯಲ್ಲಿ ಸೀಳು, ಮಧ್ಯದಲ್ಲಿ ರಂಧ್ರ. ತಂತಿಯ ತುದಿ ಅದರೊಳಗೆ ಇಳಿಯುತ್ತೆ. ಎಲ್ಲೂ ರಾಜಿ ಇರಲಿಲ್ಲ ಅಂತಲ್ಲ. ಕುತ್ತಿಗೆಯನ್ನು ಒಂದೇ ಮೇಪಲ್ ಹಲಗೆಯಿಂದ ಕೊಯ್ದಿದ್ದರಿಂದ ತಲೆಯ ಭಾಗ ಹಿಂದಕ್ಕೆ ಬಾಗಿರಲಿಲ್ಲ. ಹಾಗಾಗಿ ಸಣ್ಣ ತಂತಿಗಳನ್ನು ಕೆಳಗೆ ಒತ್ತಿ ಹಿಡಿಯೋಕೆ ಒಂದು ಗುಂಡಿ ಹಾಕಬೇಕಾಯ್ತು. ಆ ಗುಂಡಿ ಇನ್ನೊಂದು ಘರ್ಷಣೆಯ ಜಾಗ. ಖರ್ಚು ಉಳೀತು, ಶ್ರುತಿಯಲ್ಲಿ ಸ್ವಲ್ಪ ಕಳೀತು.

1954ರಲ್ಲಿ ಈ ಗಿಟಾರ್ ಸ್ಟ್ರಾಟೋಕ್ಯಾಸ್ಟರ್ ಅನ್ನೋ ಹೆಸರಲ್ಲಿ ಬಂತು. ಟ್ರೆಮೊಲೊ ಇದ್ದರೆ 249.50 ಡಾಲರ್, ಇಲ್ಲದಿದ್ದರೆ 229.50. ಅದೇ ಆಗಸ್ಟ್‌ನಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಗೆ 1956ರ ಏಪ್ರಿಲ್‌ನಲ್ಲಿ ಮಂಜೂರಾತಿ ಸಿಕ್ಕಿತು. ಒಂದು ತಮಾಷೆ ನೋಡಿ: ಟ್ರೆಮೊಲೊ ಅಂದ್ರೆ ಸದ್ದಿನ ಜೋರು ಏರಿಳಿಯೋದು. ಸ್ವರ ಏರಿಳಿದರೆ ಅದು ವೈಬ್ರಾಟೋ. ಲಿಯೋ ಗಿಟಾರಿಗೆ ಟ್ರೆಮೊಲೊ ಅಂತ ಹೆಸರಿಟ್ಟರು, ತಮ್ಮ ಆಂಪ್ಲಿಫೈಯರ್‌ಗಳಲ್ಲಿ ಸದ್ದು ಏರಿಳಿಸೋದಕ್ಕೆ ವೈಬ್ರಾಟೋ ಅಂದರು. ಎರಡೂ ಅದಲುಬದಲು! ಎಪ್ಪತ್ತು ವರ್ಷ ಕಳೆದರೂ ಜಗತ್ತು ಆ ತಪ್ಪನ್ನೇ ಹೇಳ್ತಾ ಇದೆ.

ಬೇರೆಯವರ ಕೈಯಲ್ಲಿ

ಲಿಯೋಗೆ ಇಷ್ಟವಾದದ್ದು ಕಂಟ್ರಿ ಸಂಗೀತ, ಹವಾಯಿಯನ್ ಸ್ವರ. ಟ್ರೆಮೊಲೊವನ್ನು ಮೆಲ್ಲಗೆ ಅಲುಗಿಸಲಿ ಅಂತ ಮಾಡಿದ್ದು. ಆಗಿನ ತಂತಿಗಳೂ ಇವತ್ತಿನದಕ್ಕಿಂತ ದಪ್ಪ. 1959ರಲ್ಲಿ ಇಂಗ್ಲೆಂಡಿನ ಹ್ಯಾಂಕ್ ಮಾರ್ವಿನ್ ಕೈಗೆ ಒಂದು ಸ್ಟ್ರಾಟೋಕ್ಯಾಸ್ಟರ್ ಹೋಯಿತು, ಅವರು ಲಿಯೋ ಅಂದುಕೊಂಡ ಹಾಗೆಯೇ ಸ್ವರದ ಕೊನೆಗೆ ಸಣ್ಣ ಬಳುಕು ಕೊಟ್ಟರು. ಆಮೇಲೆ ಜಿಮಿ ಹೆಂಡ್ರಿಕ್ಸ್ ಬಂದ. ಬಲಗೈಯವರ ಗಿಟಾರನ್ನು ತಿರುಗಿಸಿ ಎಡಗೈಯಲ್ಲಿ ಹಿಡಿದು, ತಂತಿಗಳು ಜೋತುಬೀಳೋವರೆಗೂ ಕಡ್ಡಿ ಒತ್ತಿದ. 1969ರ ವುಡ್‌ಸ್ಟಾಕ್‌ನಲ್ಲಿ ತನ್ನ ದೇಶದ ರಾಷ್ಟ್ರಗೀತೆಯೊಳಗೆ ಬಾಂಬಿನ ಸದ್ದು ತಂದದ್ದು ಇದೇ ಸಾಧನದಿಂದ. ಹಾಡಿನ ನಡುವೆಯೇ ಕೈಯಿಂದ ಬಿರಡೆ ತಿರುವಿ ಶ್ರುತಿ ಹಿಡೀತಿದ್ದ. ಎರಿಕ್ ಕ್ಲಾಪ್ಟನ್ ಇದರ ಉಸಾಬರಿಯೇ ಬೇಡ ಅಂತ ಮರದ ತುಂಡು ತುರುಕಿ ದಿಮ್ಮಿ ಅಲುಗದಂತೆ ಮಾಡಿಕೊಂಡರು. 1970ರ ದಶಕದ ಕೊನೆಯಲ್ಲಿ ಫ್ಲಾಯ್ಡ್ ರೋಸ್ ನಟ್‌ನಲ್ಲೇ ತಂತಿಗೆ ಬೀಗ ಹಾಕೋ ವಿಧಾನ ತಂದರು. ನಟ್‌ನ ಘರ್ಷಣೆಗೆ ಅದು ಪೂರ್ತಿ ಉತ್ತರ. ಆದರೆ ತಕ್ಕಡಿಯ ತತ್ವ ಲಿಯೋದೇ.

ಲಿಯೋ ಕೂಡ ಸುಮ್ಮನಿರಲಿಲ್ಲ. 1958ರ ಜಾಜ್‌ಮಾಸ್ಟರ್ ಗಿಟಾರಿಗೆ ಬೇರೆಯೇ ಟ್ರೆಮೊಲೊ ಮಾಡಿದರು. ಅಲ್ಲಿ ಬ್ರಿಡ್ಜೇ ತಂತಿಯ ಜೊತೆ ಹಿಂದೆಮುಂದೆ ತೂಗುತ್ತೆ. ತಂತಿ ಹರಿದರೆ ಒಂದು ಗುಂಡಿ ಸರಿಸಿ ಸಾಧನಕ್ಕೆ ಬೀಗ ಹಾಕಬಹುದು, ಉಳಿದ ಐದು ತಂತಿಗಳ ಶ್ರುತಿ ಉಳಿಯುತ್ತೆ. ಸ್ಟ್ರಾಟೋಕ್ಯಾಸ್ಟರಿನ ದೌರ್ಬಲ್ಯ ಅವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನೋದಕ್ಕೆ ಆ ಗುಂಡಿಯೇ ಸಾಕ್ಷಿ.

ಮಾರಿದ ಮೇಲೆ

1950ರ ದಶಕದ ಮಧ್ಯದಲ್ಲಿ ಲಿಯೋಗೆ ಸೈನಸ್ ಸೋಂಕು ತಗುಲಿತು. ವರ್ಷಗಟ್ಟಲೆ ಬಿಡಲಿಲ್ಲ. ತಾನು ಹೆಚ್ಚು ದಿನ ಉಳಿಯೋದಿಲ್ಲ ಅನ್ನೋ ಭಯ ಹತ್ತಿತು. 1965ರ ಜನವರಿಯಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ ಸುಮಾರು 1.3 ಕೋಟಿ ಡಾಲರಿಗೆ ಮಾರಿಬಿಟ್ಟರು. 600 ಡಾಲರ್ ಸಾಲದಿಂದ ಶುರುವಾದ ಕಥೆ ಇಲ್ಲಿಗೆ ಬಂತು. ಮಾರಿದ ಮೇಲೆ ಬೇರೊಬ್ಬ ವೈದ್ಯರು ಕೊಟ್ಟ ಆಂಟಿಬಯಾಟಿಕ್‌ನಿಂದ ಆ ಕಾಯಿಲೆ ವಾಸಿಯಾಯ್ತು! ಆರೋಗ್ಯ ಇತ್ತು, ದುಡ್ಡು ಇತ್ತು, ಗಿಟಾರಿನ ಮೇಲೆ ತನ್ನದೇ ಹೆಸರು ಹಾಕೋ ಹಕ್ಕು ಮಾತ್ರ ಹೋಗಿತ್ತು.

ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಪೈಪೋಟಿ ಮಾಡಬಾರದೆಂಬ ಒಪ್ಪಂದದ ಅವಧಿ ಮುಗಿದ ಮೇಲೆ, 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. ಮರುವರ್ಷ ಸ್ಟಿಂಗ್‌ರೇ ಬೇಸ್ ಬಂತು. 1979ರಲ್ಲಿ ಎಸ್ತರ್ ಕ್ಯಾನ್ಸರ್‌ನಿಂದ ತೀರಿಕೊಂಡರು. 1980ರಲ್ಲಿ ಫಿಲ್ಲಿಸ್ ಅವರ ಜೊತೆ ಮತ್ತೆ ಮದುವೆಯಾದರು. ಅದೇ ಹೊತ್ತಿಗೆ ಹಳೇ ಗೆಳೆಯ ಜಾರ್ಜ್ ಫುಲ್ಲರ್ಟನ್ ಜೊತೆ ಸೇರಿ ಮೂರನೇ ಕಂಪನಿ ಕಟ್ಟಿದರು, ಹೆಸರು ಜಿ ಅಂಡ್ ಎಲ್. ಅಂದ್ರೆ ಜಾರ್ಜ್ ಮತ್ತು ಲಿಯೋ.

ಅಲ್ಲಿ ಎಪ್ಪತ್ತು ದಾಟಿದ ಈ ಮನುಷ್ಯ ಮತ್ತೆ ಕೈ ಹಾಕಿದ್ದು 1953ರ ಅದೇ ಪ್ರಶ್ನೆಗೆ. ಆರು ಸ್ಕ್ರೂಗಳ ಮೇಲೆ ತೂಗೋ ತಟ್ಟೆಗೆ ಆರು ಕಡೆ ಘರ್ಷಣೆ. ಆರೂ ಒಂದೇ ರೇಖೆಯಲ್ಲಿ, ಒಂದೇ ಎತ್ತರದಲ್ಲಿ ಇಲ್ಲದಿದ್ದರೆ ಒಂದಲ್ಲ ಒಂದು ಹಿಡ್ಕೊಳ್ಳುತ್ತೆ. ಎರಡೇ ಆಧಾರ ಸಾಕಲ್ಲವೇ? ಡ್ಯುಯಲ್ ಫಲ್ಕ್ರಂ ವೈಬ್ರಾಟೋ ಅನ್ನೋ ಹೊಸ ಬ್ರಿಡ್ಜ್‌ನಲ್ಲಿ ತಟ್ಟೆ ಎರಡು ಕಂಬಗಳ ಮೇಲೆ ಮಾತ್ರ ನಿಂತಿತು. ಮೇಲಕ್ಕೂ ಕೆಳಕ್ಕೂ ಸಲೀಸಾಗಿ ತೂಗ್ತಿತ್ತು, ಶ್ರುತಿಗೆ ಇನ್ನೂ ಚೆನ್ನಾಗಿ ವಾಪಸ್ ಬರ್ತಿತ್ತು. ಹೆಸರಲ್ಲಿ ಈ ಸಲ ವೈಬ್ರಾಟೋ ಅಂತ ಸರಿಯಾಗೇ ಹಾಕಿದ್ದರು!

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಬಂತು. ಕೈಕಾಲು ಮಾತು ಕೇಳದಿದ್ದರೂ ಕಾರ್ಖಾನೆಗೆ ಹೋಗೋದು ಬಿಡಲಿಲ್ಲ. 1991ರ ಮಾರ್ಚ್ 21ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೆಲಸ ಮಾಡ್ತಿದ್ದ ಕೋಣೆಯನ್ನು ಅನೇಕ ವರ್ಷ ಹಾಗೇ ಇಟ್ಟಿದ್ದರು. ಮರುವರ್ಷ, 1992ರಲ್ಲಿ, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಒಂದು ಹಾಡೂ ನುಡಿಸದೆ ಅಲ್ಲಿಗೆ ಹೋದ ಕೆಲವರಲ್ಲಿ ಅವರೂ ಒಬ್ಬರು.

ನಿಮ್ಮ ಕೈಯಲ್ಲಿರೋ ಗಿಟಾರಿಗೆ

ಲಿಯೋ ಬದುಕು ಓದಿದ ಮೇಲೆ ಹಾಸ್ಟೆಲ್ ರೂಮಿನಲ್ಲಿ ಗೋಡೆಗೆ ಒರಗಿರೋ ಗಿಟಾರನ್ನು ಒಮ್ಮೆ ಎತ್ತಿಕೊಳ್ಳಿ. ಅವರು ಮಾಡಿದ ಹಾಗೆ ತಂತಿಯ ದಾರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನೋಡಿ.

ಹೊಸ ತಂತಿ ಹಾಕಿದ್ದರೆ ಬೆರಳಿಂದ ಮೆಲ್ಲಗೆ ಎಳೆದು, ಶ್ರುತಿ ಮಾಡಿ, ಮತ್ತೆ ಎಳೆಯಿರಿ. ಸ್ವರ ಇಳಿಯೋದು ನಿಲ್ಲೋವರೆಗೆ. ಬಿರಡೆಯ ಕಂಬಕ್ಕೆ ಎರಡು ಮೂರು ಸುತ್ತು ಸಾಕು. ಹತ್ತು ಸುತ್ತು ಸುತ್ತಿದರೆ ಆ ಸುತ್ತುಗಳೇ ಬಿಗಿಯಾಗ್ತಾ ಸಡಿಲವಾಗ್ತಾ ಕಾಟ ಕೊಡ್ತವೆ.

ಆಮೇಲೆ ನಟ್. ಕಡ್ಡಿ ಕೆಳಗೆ ಒತ್ತಿ ಬಿಟ್ಟ ಮೇಲೆ ಸ್ವರ ಏರಿ ನಿಂತರೆ, ಮೊದಲ ಅನುಮಾನ ನಟ್ ಮೇಲೆ. ಸಡಿಲವಾದಾಗ ತಂತಿ ಬ್ರಿಡ್ಜ್ ಕಡೆಯಿಂದ ಬಿರಡೆ ಕಡೆಗೆ ಸ್ವಲ್ಪ ಜಾರಿರುತ್ತೆ. ವಾಪಸ್ ಬರುವಾಗ ನಟ್‌ನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತೆ, ಇತ್ತ ಎಳೆತ ಹೆಚ್ಚಾಗಿ ಉಳಿಯುತ್ತೆ. ಬೆರಳಿಂದ ತಂತಿ ಬಾಗಿಸಿ ಬಿಟ್ಟ ಮೇಲೆ ಸ್ವರ ಇಳಿದಿದ್ದರೆ ಅದೇ ಕಥೆ ಉಲ್ಟಾ. ಓದಿದ ಹಿಸ್ಟರಿಸಿಸ್ ಇದೇ, ಗ್ರಾಫ್ ಬದಲು ಕಿವಿಗೆ ಕೇಳುತ್ತೆ ಅಷ್ಟೇ. ಔಷಧಿ ಅಗ್ಗ. ಡ್ರಾಯಿಂಗ್ ಕ್ಲಾಸಿನ ಮೆತ್ತನೆ ಪೆನ್ಸಿಲ್ ತಗೊಂಡು ಪ್ರತಿ ಸಂದಿಯಲ್ಲೂ ಗೀಚಿ. ಗ್ರಾಫೈಟ್ ಅಲ್ಲಿ ಎಣ್ಣೆಯ ಕೆಲಸ ಮಾಡುತ್ತೆ. ತಂತಿ ಒತ್ತೋ ಗುಂಡಿಯ ಅಡಿಗೂ ಸ್ವಲ್ಪ. ಆಗಲೂ ಸರಿಹೋಗದಿದ್ದರೆ ಸಂದಿ ಕಿರಿದಾಗಿದೆ ಅಂತ ಅರ್ಥ, ಅದನ್ನು ತಿದ್ದೋದು ಗೊತ್ತಿರೋವ್ರ ಕೈಗೆ ಕೊಡಿ.

ಬ್ರಿಡ್ಜ್ ಮುಂದಿನ ಸ್ಕ್ರೂಗಳನ್ನು ತಟ್ಟೆಗೆ ಒತ್ತೋ ಹಾಗೆ ಬಿಗಿ ಮಾಡಬೇಡಿ, ತಟ್ಟೆ ತೂಗೋಕೆ ಜಾಗ ಬೇಕು. ಬೆನ್ನಿನ ಮುಚ್ಚಳ ತೆಗೆದರೆ ಸ್ಪ್ರಿಂಗ್‌ಗಳ ಇನ್ನೊಂದು ತುದಿ ಹಿಡಿದ ತಗಡು ಕಾಣುತ್ತೆ, ಅದಕ್ಕೆ ಎರಡು ಉದ್ದ ಸ್ಕ್ರೂ. ಶ್ರುತಿಯಲ್ಲಿ ಇರುವಾಗ ತಟ್ಟೆಯ ಹಿಂಭಾಗ ಸುಮಾರು 3 ಮಿಲಿಮೀಟರ್ ಎತ್ತಿರೋ ಹಾಗೆ ಆ ಸ್ಕ್ರೂಗಳನ್ನು ಹೊಂದಿಸಿ. ಹೆಚ್ಚು ಎದ್ದಿದ್ದರೆ ಬಿಗಿ ಮಾಡಿ, ಪೂರ್ತಿ ಕೂತಿದ್ದರೆ ಸಡಿಲ ಮಾಡಿ, ಪ್ರತಿ ಸಲವೂ ಶ್ರುತಿ ಮಾಡಿ ನೋಡಿ. ತಂತಿಯ ದಪ್ಪ ಬದಲಿಸಿದಾಗ ಇದನ್ನು ಮತ್ತೆ ಮಾಡಲೇಬೇಕು, ತಕ್ಕಡಿಯ ಒಂದು ಕಡೆ ತೂಕ ಬದಲಾಗಿದೆ.

ಶ್ರುತಿ ಮಾಡುವಾಗ ಒಂದೇ ಸುತ್ತಿಗೆ ಮುಗಿಯುತ್ತೆ ಅಂದುಕೊಳ್ಳಬೇಡಿ. ಆರೂ ತಂತಿ ಒಂದು ಸುತ್ತು, ಮತ್ತೆ ಮೊದಲಿನಿಂದ, ಮೂರು ನಾಲ್ಕು ಸಲ. ಪ್ರತಿ ಸುತ್ತಿಗೂ ತಪ್ಪು ಕಡಿಮೆಯಾಗ್ತಾ ಬರುತ್ತೆ, ನ್ಯೂಮರಿಕಲ್ ಮೆಥಡ್ಸ್‌ನ ಇಟರೇಶನ್ ಥರವೇ. ಸ್ವರಕ್ಕೆ ಯಾವಾಗಲೂ ಕೆಳಗಿಂದ ಏರಿ ಬನ್ನಿ. ದಾಟಿ ಹೋದರೆ ಇಳಿಸಿ ಮತ್ತೆ ಏರಿಸಿ. ಕೊನೆಗೆ ಕಡ್ಡಿಯನ್ನು ನಾಲ್ಕೈದು ಸಲ ಒತ್ತಿ ಬಿಟ್ಟು ಇನ್ನೊಮ್ಮೆ ನೋಡಿ.

ಇಷ್ಟು ಮಾಡಿದರೂ ಹೆಂಡ್ರಿಕ್ಸ್ ಹಾಗೆ ಒತ್ತಿದರೆ ಸ್ವಲ್ಪ ಕೆಡುತ್ತೆ. ಲಿಯೋ ಫೆಂಡರ್ ಮೂವತ್ತು ವರ್ಷ ತಿದ್ದಿದ ಮೇಲೂ ಅವರಿಗೇ ಪೂರ್ತಿ ತೃಪ್ತಿ ಸಿಕ್ಕಿರಲಿಲ್ಲ, ಅದಕ್ಕೇ ಆರು ಸ್ಕ್ರೂ ಎರಡು ಕಂಬ ಆಯ್ತು. ಮುಂದಿನ ಫೆಸ್ಟ್‌ಗೆ ಸ್ಟೇಜ್ ಹತ್ತುವಾಗ ಜೇಬಿನಲ್ಲಿ ಪ್ಲೆಕ್ಟ್ರಮ್ ಜೊತೆ ಒಂದು ಮೋಟು ಪೆನ್ಸಿಲ್ಲೂ ಇರಲಿ.